ಕೌದಿಯ ಸ್ಥಳ ಅಟ್ಟವಲ್ಲ, ಹಾಸಿಗೆ

ಬಸವಕಲ್ಯಾಣ, ಹುಮನಾಬಾದ ಭಾಗದ ಮನೆಗಳಲ್ಲಿ ಇಂದು ಕೌದಿಯು ಸಾಮಾನ್ಯವಾಗಿ ಎರಡು ಕಡೆ ಕಾಣಸಿಗುತ್ತದೆ. ಒಂದು, ಅಟ್ಟದ ಮೇಲೆ ಹಗ್ಗದಿಂದ ಬಿಗಿದಿಟ್ಟ ಗಂಟಿನೊಳಗೆ. ಇನ್ನೊಂದು, ಪುಣೆಯಲ್ಲೋ ಬೆಂಗಳೂರಿನಲ್ಲೋ ನೆಲೆಸಿದ ಮಕ್ಕಳ ಮನೆಯ ಗೋಡೆಯ ಮೇಲೆ, ಕಲಾವಸ್ತುವಾಗಿ. ಮೊದಲನೆಯದು ಅವಮಾನ, ಎರಡನೆಯದು ಸನ್ಮಾನ ಎಂದು ನಾವು ತಿಳಿದಿದ್ದೇವೆ. ನನ್ನ ದೃಷ್ಟಿಯಲ್ಲಿ ಎರಡೂ ಕಡೆ ಕೌದಿಗೆ ಕೆಲಸವಿಲ್ಲ. ಅದು ಇರಬೇಕಾದದ್ದು ದಿನನಿತ್ಯ ಮಲಗುವ ಹಾಸಿಗೆಯ ಮೇಲೆ. ಈ ಮಾತನ್ನು ಹಳೆಯದರ ಮೇಲಿನ ಮೋಹದಿಂದ ಹೇಳುತ್ತಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ವಿಜ್ಞಾನ ಮತ್ತು ಗಣಿತ ಕಲಿಸಿದವನು ನಾನು. ಲೆಕ್ಕ ಹಾಕಿಯೇ ಹೇಳುತ್ತೇನೆ.

ಹೊಸ ತಲೆಮಾರಿನ ಓದುಗರಿಗಾಗಿ ಕೌದಿಯ ಪರಿಚಯವನ್ನು ಎರಡು ಮಾತಿನಲ್ಲಿ ಮಾಡಿಕೊಡುವುದು ಒಳ್ಳೆಯದು. ಸವೆದ ಹತ್ತಿಯ ಸೀರೆ, ಧೋತರ, ಪಂಚೆ, ರುಮಾಲುಗಳನ್ನು ಒಗೆದು ಒಣಗಿಸಿ, ಒಂದರ ಮೇಲೊಂದು ಪದರವಾಗಿ ಹಾಸಿ, ಸುಕ್ಕಿಲ್ಲದಂತೆ ಎಳೆದು, ಅಂಚನ್ನು ಮಡಿಚಿ ಕೈಯಿಂದ ಹೊಲಿಯುವ ಹೊದಿಕೆಯೇ ಕೌದಿ. ಮೇಲಿನ ಪದರಕ್ಕೆ ಕುಪ್ಪಸದ ತುಂಡು, ಮಕ್ಕಳ ಲಂಗದ ತುಂಡು, ದರ್ಜಿಯ ಅಂಗಡಿಯಲ್ಲಿ ಉಳಿದ ಚಿಂದಿ, ಎಲ್ಲವೂ ಬಂದು ಸೇರುತ್ತವೆ. ಹೊಲಿಗೆ ಅತಿ ಸರಳವಾದ ಸಾಲು ಹೊಲಿಗೆ. ಅಂಚಿನಿಂದ ಆರಂಭವಾಗಿ ಸುತ್ತು ಸುತ್ತಾಗಿ ನಡುವಿನವರೆಗೆ ಸಾಗುತ್ತದೆ. ಕೊನೆಯ ಕಿಂಡಿ ಮುಚ್ಚುವ ಮೊದಲು ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಒಳಗಿರಿಸುವ ರೂಢಿ ಹಲವು ಮನೆಗಳಲ್ಲಿತ್ತು. ಕೌದಿಯ ಹೊಟ್ಟೆ ಬರಿದಾಗಿರಬಾರದು, ಅದನ್ನು ಹೊದ್ದವರ ಹೊಟ್ಟೆಯೂ ಬರಿದಾಗಬಾರದು ಎಂಬುದು ನಮ್ಮ ಹಿರಿಯರ ಆಶಯ. ನಮ್ಮದು ಮೂರು ಭಾಷೆಗಳು ಕೂಡುವ ನೆಲ. ಕನ್ನಡದವರು ಕೌದಿ ಎಂದರೆ, ಮರಾಠಿಯವರು ಗೋಧಡಿ, ವಾಕಳ ಎನ್ನುತ್ತಾರೆ; ದಖನಿ ಉರ್ದುವಿನವರು ಗುದಡಿ ಎನ್ನುತ್ತಾರೆ. ಬಡವರ ಮನೆಯಲ್ಲಿ ಪ್ರತಿಭಾವಂತ ಮಗು ಹುಟ್ಟಿದರೆ ‘ಗುದಡೀ ಕಾ ಲಾಲ್’ ಎನ್ನುವ ಮಾತನ್ನು ನನ್ನ ಸಹೋದ್ಯೋಗಿಗಳಾಗಿದ್ದ ಉರ್ದು ಮಾಸ್ತರರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಕೌದಿಯೊಳಗಿನ ಮಾಣಿಕ್ಯ ಎಂದು ಅದರ ಅರ್ಥ.

ಈಗ ಉಪಯೋಗದ ಮಾತು. ಬೀದರ ಜಿಲ್ಲೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಪ್ರಸ್ಥಭೂಮಿ. ಇಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುತ್ತದೆ. ಎಳ್ಳಮಾವಾಸ್ಯೆಯ ಸುಮಾರಿನಲ್ಲಿ ರಾಜ್ಯದ ಅತಿ ಚಳಿಯ ಊರುಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಹೆಸರು ಮೇಲೆಯೇ ಇರುತ್ತದೆ. ಇಂತಹ ಎರಡು ತುದಿಗಳ ಹವೆಗೆ ಕೌದಿಯಷ್ಟು ಹೊಂದುವ ಹಾಸಿಗೆ ಮತ್ತೊಂದಿಲ್ಲ. ಕಾರಣ ಸರಳವಾದದ್ದು. ಚಳಿಯಿಂದ ನಮ್ಮನ್ನು ಕಾಯುವುದು ಬಟ್ಟೆಗಿಂತ ಹೆಚ್ಚಾಗಿ ಬಟ್ಟೆಯ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಗಾಳಿಯು ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಐದಾರು ಪದರಗಳ ಕೌದಿಯಲ್ಲಿ ನಾಲ್ಕೈದು ಗಾಳಿಯ ಹಾಳೆಗಳಿರುತ್ತವೆ; ಒತ್ತಾದ ಹೊಲಿಗೆಯು ಅವನ್ನು ಸರಿದಾಡದಂತೆ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಇದೇ ಕೌದಿಯನ್ನು ಮಡಿಚಿ ಮಾಳಿಗೆಯ ಮೇಲೆ ಹಾಸಿದರೆ ಹಗಲೆಲ್ಲ ಕಾದ ನೆಲದ ಬಿಸಿ ಬೆನ್ನಿಗೆ ತಟ್ಟುವುದಿಲ್ಲ, ಬೆವರನ್ನು ಹತ್ತಿ ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ರಗ್ಗಿಗೆ ಚಳಿಗಾಲದ ಕೆಲಸ ಗೊತ್ತು. ಬೆವರು ಹೀರುವ ಗುಣ ಅದಕ್ಕಿಲ್ಲ. ಒಗೆದಾಗಲೆಲ್ಲ ಅದರಿಂದ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಉದುರಿ ನೀರು ಸೇರುತ್ತವೆ ಎಂಬುದನ್ನು ಇಂದಿನ ವಿಜ್ಞಾನ ತೋರಿಸಿಕೊಟ್ಟಿದೆ. ಹತ್ತಿಯ ಕೌದಿ ಸತ್ತ ಮೇಲೆ ಮಣ್ಣಾಗುತ್ತದೆ.

ಇಷ್ಟೊಂದು ಗುಣಗಳಿದ್ದೂ ಕೌದಿಯು ಅಟ್ಟ ಸೇರಿದ್ದೇಕೆ? ಇದಕ್ಕೆ ಮೊದಲ ಕಾರಣ ನಾಚಿಕೆ ಎಂದೇ ನನ್ನ ಅಭಿಪ್ರಾಯ. ಬೀಗರು ಬರುತ್ತಾರೆಂದರೆ ಮೊದಲು ಮರೆಯಾಗುವುದು ಕೌದಿ. ಅಂಗಡಿಯಿಂದ ತಂದ, ಗುಲಾಬಿಯದೋ ಹುಲಿಯದೋ ಚಿತ್ರವಿರುವ ದೊಡ್ಡ ರಗ್ಗನ್ನು ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದು ಹಾಸುತ್ತೇವೆ; ಅವರು ಹೋದ ಮೇಲೆ ಅದು ಮತ್ತೆ ಚೀಲ ಸೇರುತ್ತದೆ. ಮದುವೆಗಳಲ್ಲಿ ಉಡುಗೊರೆಯಾಗಿ ಬಂದ ಇಂತಹ ರಗ್ಗುಗಳು ಚೀಲದ ಜಿಪ್ಪನ್ನೂ ತೆಗೆಯದೆ ಒಂದು ಮನೆಯಿಂದ ಇನ್ನೊಂದು ಮನೆಯ ಮದುವೆಗೆ ಪ್ರಯಾಣ ಮಾಡುವುದನ್ನು ನೀವೂ ನೋಡಿರಬಹುದು. ಹಳೆಯ ಬಟ್ಟೆ ಬಡತನದ ಗುರುತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದೇ ಹೆದ್ದಾರಿಯ ಪಶ್ಚಿಮಕ್ಕಿರುವ ಸೋಲಾಪುರದ ಚಾದರಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ನಮ್ಮದೇ ಜಿಲ್ಲೆಯ ಬಿದರಿಗೂ ಇದೆ. ಅತಿಥಿಗಳಿಗೆ ಬಿದರಿಯ ಹೂದಾನಿಯನ್ನು ಹೆಮ್ಮೆಯಿಂದ ತೋರಿಸುವ ನಾವು, ಅದೇ ಅತಿಥಿಗಳಿಗೆ ನಮ್ಮ ಅವ್ವಂದಿರ ಕೈಹೊಲಿಗೆಯನ್ನು ತೋರಿಸಲು ಹಿಂಜರಿಯುತ್ತೇವೆ.

ಈ ನಾಚಿಕೆ ಬೇರೆ ಊರಿನಲ್ಲಿದ್ದರೆ ಅಷ್ಟು ಆಶ್ಚರ್ಯವಿರುತ್ತಿರಲಿಲ್ಲ. ಕಲ್ಯಾಣದಲ್ಲಿರುವುದು ಆಶ್ಚರ್ಯ. 12ನೆಯ ಶತಮಾನದ ಶರಣರ ಸಾಲಿನಲ್ಲಿ ನೂಲುವ ಕದಿರೆ ರೆಮ್ಮವ್ವೆ ಇದ್ದಾಳೆ, ನೇಯ್ಗೆಯ ಕಾಯಕದ ಅಮುಗೆ ರಾಯಮ್ಮ ಇದ್ದಾಳೆ, ಸೂಜಿಯನ್ನೇ ತನ್ನ ಹೆಸರಿನೊಳಗೆ ಧರಿಸಿದ ಸೂಜಿಕಾಯಕದ ರಾಮಿತಂದೆ ಇದ್ದಾನೆ. ನೂಲು, ನೇಯ್ಗೆ, ಸೂಜಿ ಮೂರಕ್ಕೂ ವಚನಕಾರರ ಪಂಕ್ತಿಯಲ್ಲಿ ಸ್ಥಾನ ಕೊಟ್ಟ ಪರಂಪರೆ ನಮ್ಮದು. ಸಂತರ ಮೈಮೇಲಿನ ಕಂಥೆ ಎಂದರೂ ತೇಪೆ ಹಾಕಿದ ಬಟ್ಟೆಯೇ. ಸೂಫಿಗಳೂ ತೇಪೆಯ ನಿಲುವಂಗಿ ಧರಿಸುತ್ತಿದ್ದರು. ಬೌದ್ಧ ಭಿಕ್ಷುಗಳ ಚೀವರವನ್ನು ಮಗಧದ ಭತ್ತದ ಗದ್ದೆಗಳ ಚೌಕಗಳಂತೆ ತುಂಡು ಸೇರಿಸಿ ಹೊಲಿಯಬೇಕೆಂದು ವಿನಯಪಿಟಕ ಹೇಳುತ್ತದೆ. ಹೀಗೆ ನಾವು ಯಾರ ಯಾರ ಪಾದಕ್ಕೆ ತಲೆಬಾಗುತ್ತೇವೆಯೋ ಅವರೆಲ್ಲ ತೇಪೆಯ ಬಟ್ಟೆ ಧರಿಸಿದವರು. ಅದೇ ಬಟ್ಟೆ ನಮ್ಮ ಮಂಚದ ಮೇಲಿದ್ದರೆ ಮರ್ಯಾದೆಗೆ ಕುಂದು!

ಕಷ್ಟಕಾಲವೊಂದು ಕೌದಿಯ ಬೆಲೆಯನ್ನು ನಮ್ಮ ಭಾಗಕ್ಕೆ ಒಮ್ಮೆ ಚೆನ್ನಾಗಿ ತಿಳಿಸಿಕೊಟ್ಟಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣೇಶ ವಿಸರ್ಜನೆಯ ರಾತ್ರಿ ಮುಗಿಯುತ್ತಿದ್ದಂತೆ, ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸುಮಾರು 10 ಸಾವಿರ ಜನ ಮಡಿದರು. ನಮ್ಮಲ್ಲೂ ನೆಲ ನಡುಗಿ, ಅಡುಗೆಮನೆಯ ಪಾತ್ರೆಗಳು ಉರುಳಿ, ಓಣಿಯೆಲ್ಲ ಹೊರಗೋಡಿತು. ಮುಂದೆ ಎಷ್ಟೋ ರಾತ್ರಿ ಜನ ಮನೆಯೊಳಗೆ ಮಲಗಲಿಲ್ಲ. ಬಯಲಿನಲ್ಲಿ, ಶಾಲೆಯ ಅಂಗಳದಲ್ಲಿ, ರಸ್ತೆಯ ಬದಿಯಲ್ಲಿ ಹಾಸಿದ್ದು ಕೌದಿಗಳನ್ನೇ. ಮಳೆಯಿಂದ ಹಸಿಯಾಗಿದ್ದ ನೆಲದ ಥಂಡಿಯನ್ನು ತಡೆದದ್ದೂ ಅವೇ. ನಮ್ಮ ಓಣಿಯಿಂದ ಆಚೆಗೆ ಹೊರಟ ಲಾರಿಯೊಂದಕ್ಕೆ ರೊಟ್ಟಿಯ ಗಂಟುಗಳ ಜೊತೆ ಜನ ಕೌದಿಗಳನ್ನೂ ಹೇರಿದರು. ಒಬ್ಬ ಅಜ್ಜಿ ತನ್ನ ಮನೆಯಲ್ಲಿದ್ದ ಎರಡರಲ್ಲಿ ಹೊಸದನ್ನೇ ತಂದು ಕೊಟ್ಟಳು. “ಹಳೀದು ಕೊಡಬಾರದೇನವ್ವಾ?” ಎಂದು ಯಾರೋ ಕೇಳಿದರು. “ಹಳೀದ್ರಾಗ ನಾ ಹ್ಯಾಂಗರೆ ಮಲಗ್ತೀನಿ. ಮನಿ ಬಿದ್ದೋರಿಗಿ ಹರಕ್ ಕೊಡ್ಲಾಕ ಬರ್ತದೇನು?” ಎಂದಳು. ಬಟ್ಟೆಯ ಬೆಲೆ ತಿಳಿದವರು ಆಡುವ ಮಾತು ಇದು.

ನನ್ನ ಮಾತಿಗೆ ಎದುರುವಾದಗಳೂ ಇವೆ. ಅವನ್ನು ಬದಿಗೊತ್ತುವುದು ಸರಿಯಲ್ಲ.

ಮೊದಲ ಆಕ್ಷೇಪ ಒಗೆಯುವುದರದು. ಇದು ನ್ಯಾಯವಾದ ಆಕ್ಷೇಪ. ನೆಂದ ಕೌದಿಯನ್ನು ಎತ್ತುವುದೆಂದರೆ ಕರುವನ್ನು ಎತ್ತಿದಂತೆ. ದಸರೆಗೆ ಮುನ್ನ ಮನೆಯ ಹಾಸಿಗೆಯೆಲ್ಲ ಬಂಡಿಯಲ್ಲಿ ಹೇರಿ ಹಳ್ಳಕ್ಕೋ ಬಾವಿಗೋ ಒಯ್ದು, ತುಳಿದು, ಬಡಿದು ಒಗೆಯುತ್ತಿದ್ದ ಕಾಲದಲ್ಲಿ ಮನೆಯಲ್ಲಿ ಹತ್ತು ಕೈಗಳಿದ್ದವು. ಇಂದು ಇಬ್ಬರೇ ಮುದುಕರಿರುವ ಮನೆಗಳಿವೆ. ಯಂತ್ರಕ್ಕೆ ದಪ್ಪ ಕೌದಿ ಹಿಡಿಸುವುದಿಲ್ಲ. ಇದಕ್ಕೆ ನಮ್ಮ ಮನೆಯಲ್ಲಿ ಕಂಡುಕೊಂಡ ಉಪಾಯವನ್ನು ಹೇಳುತ್ತೇನೆ. ಆರೇಳು ಪದರಗಳ ಒಂದು ಭಾರದ ಕೌದಿಯ ಬದಲು ಮೂರು ಪದರಗಳ ಎರಡು ಹಗುರ ಕೌದಿಗಳನ್ನು ಹೊಲಿಸಿರಿ. ಚಳಿಗೆ ಎರಡನ್ನೂ ಕೂಡಿಸಿ ಹೊದೆಯಬಹುದು, ಉಳಿದ ದಿನ ಒಂದು ಸಾಕು. ಮೇಲೊಂದು ಹಳೆಯ ಧೋತರದ ಗವಸು ಹಾಕಿದರೆ ಗವಸನ್ನು ಮಾತ್ರ ಆಗಾಗ ಒಗೆದರಾಯಿತು. ಕೌದಿಗೆ ವಾರಕ್ಕೊಂದು ಬಿಸಿಲು ಸಾಕು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.

ಎರಡನೆಯ ಆಕ್ಷೇಪ, ಹತ್ತಿಯ ಬಟ್ಟೆ ಎಲ್ಲಿದೆ ಎಂಬುದು. ಇದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಕಳೆದ ವರ್ಷ ನನ್ನ ಮನೆಯವರು ಕೌದಿಗೆಂದು ಹಳೆಯ ಸೀರೆಗಳನ್ನು ತೆಗೆದಾಗ ಹನ್ನೊಂದರಲ್ಲಿ ಎರಡು ಮಾತ್ರ ಹತ್ತಿಯವು. ಉಳಿದದ್ದೆಲ್ಲ ನುಣುಪಾದ ಸಿಂಥೆಟಿಕ್. ಹೊಲಿದರೆ ಜಾರುತ್ತದೆ, ಹೊದ್ದರೆ ಬೆವರುತ್ತದೆ. ಕೌದಿ ಕಣ್ಮರೆಯಾಗುವ ಮೊದಲೇ ಕೌದಿಯ ಹೊಟ್ಟೆಯೊಳಗಿನ ಬಟ್ಟೆ ಕಣ್ಮರೆಯಾಗುತ್ತಿದೆ. ಆದ್ದರಿಂದ ಕೌದಿ ಉಳಿಯಬೇಕೆನ್ನುವವರು ಮೊದಲು ಉಡುವ ಬಟ್ಟೆಯ ಕಡೆ ನೋಡಬೇಕು. ಹತ್ತಿಯ ಹಾಸಿಗೆಪಟ್ಟಿ, ದಿಂಬಿನ ಗವಸು, ಟವೆಲು, ಅಂಗಿ, ಲುಂಗಿ ಇವೆಲ್ಲ ಇನ್ನೂ ಮನೆಗೆ ಬರುತ್ತವೆ. ಹರಿದ ಮೇಲೆ ಅವು ನೆಲ ಒರೆಸುವ ಚಿಂದಿಯಾಗುವ ಮೊದಲು ಒಂದು ಸಂದೂಕಿಗೆ ಸೇರಲಿ. ಎರಡು ಮೂರು ವರ್ಷಗಳಲ್ಲಿ ಒಂದು ಕೌದಿಗಾಗುವಷ್ಟು ಬಟ್ಟೆ ಕೂಡುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಹೊಲಿಯುವವರು ಯಾರು? ಹಿಂದೆ ಸುಗ್ಗಿ ಮುಗಿದ ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಒಂದು ಪಡಸಾಲೆಯಲ್ಲಿ ಕೂಡಿ ಇಂದು ಇವಳದು, ನಾಳೆ ಅವಳದು ಎಂದು ಹೊಲಿಯುತ್ತಿದ್ದರು. ಅದನ್ನು ಇಂದು ಬಹಳ ಸುಂದರವಾಗಿ ವರ್ಣಿಸುವವರಿದ್ದಾರೆ. ಹಾಡು, ಹರಟೆ, ನಗೆ ಇದ್ದದ್ದು ನಿಜ. ನಡುನೋವು ಇದ್ದದ್ದೂ ನಿಜ, ಕಂದೀಲಿನ ಬೆಳಕಿನಲ್ಲಿ ಕಣ್ಣು ಸೋತದ್ದೂ ನಿಜ, ಸೂಜಿಯ ಹಿಂಭಾಗ ಒತ್ತಿ ಒತ್ತಿ ಬೆರಳ ತುದಿ ತೂತಾದದ್ದೂ ನಿಜ. ಅದಕ್ಕೆ ಯಾರೂ ಕೂಲಿ ಕೊಡಲಿಲ್ಲ. ಮನೆಗೆಲಸವೆಂದು ಲೆಕ್ಕಕ್ಕೇ ಹಿಡಿಯಲಿಲ್ಲ. ಇಂದಿನ ಸೊಸೆಯಂದಿರು ಆ ಕೆಲಸ ಒಲ್ಲೆನೆಂದರೆ ಅವರನ್ನು ದೂರುವ ಹಕ್ಕು ಆ ಕೌದಿಗಳನ್ನು ಹೊದ್ದು ಮಲಗಿದ ನಮ್ಮಂಥ ಗಂಡಸರಿಗೆ ಇಲ್ಲ.

ಇನ್ನು ಕೂಲಿಗೆ ಹೊಲಿಯುವವರ ಮಾತು. “ಕೌದಿ ಹೊಲಿಸೋರು ಇದ್ದೀರೇನ್ರಿ ಯವ್ವಾ...” ಎಂದು ಕೂಗುತ್ತ ಓಣಿ ತಿರುಗುವ ಹೆಂಗಸರು ಈಗಲೂ ಅಪರೂಪಕ್ಕೆ ಬರುತ್ತಾರೆ. ಹೋದ ವರ್ಷ ನಮ್ಮ ಮನೆಯ ಕೌದಿಯನ್ನು ಅಂಥ ಇಬ್ಬರು, ತಾಯಿ ಮಗಳು, ಆರು ದಿನ ಕುಳಿತು ಹೊಲಿದರು. ಅವರು ಕೇಳಿದ್ದು 1,200 ರೂಪಾಯಿ. ಪಕ್ಕದ ಮನೆಯ ಹಿರಿಯರೊಬ್ಬರು ಅದೇ ಕೆಲಸವನ್ನು 700ಕ್ಕೆ ಇಳಿಸಲು ಅರ್ಧ ದಿನ ಚೌಕಾಶಿ ಮಾಡಿದರು. ಅದೇ ಹಿರಿಯರು ಹಿಂದಿನ ವಾರ ಅಂಗಡಿಯಲ್ಲಿ ರಗ್ಗಿನ ಮೇಲೆ ಅಚ್ಚಾದ ಬೆಲೆಯನ್ನು ಒಂದು ಮಾತೂ ಆಡದೆ ಕೊಟ್ಟು ಬಂದಿದ್ದರು.

ಲೆಕ್ಕದ ಮಾಸ್ತರನಾಗಿ ಇಲ್ಲಿ ಒಂದು ಲೆಕ್ಕ ಹಾಕೋಣ. ಇಬ್ಬರು, ಆರು ದಿನ. ಒಟ್ಟು ಹನ್ನೆರಡು ಆಳುಗೂಲಿ. 1,200 ರೂಪಾಯಿ ಎಂದರೆ ಆಳಿಗೆ ದಿನಕ್ಕೆ 100 ರೂಪಾಯಿ ಮಾತ್ರ. 2024–25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಮಣ್ಣು ಅಗೆಯುವುದಕ್ಕೆ ಸರಕಾರ ಕೊಟ್ಟ ಕನಿಷ್ಠ ಕೂಲಿಯನ್ನೇ ಸೂಜಿಯ ಕೆಲಸಕ್ಕೂ ಕೊಟ್ಟರೆ ಕೌದಿಯೊಂದಕ್ಕೆ 4,188 ರೂಪಾಯಿಯಾಗುತ್ತದೆ. “ಅಷ್ಟೊಂದೆ?” ಎಂದು ಹುಬ್ಬೇರಿಸಬೇಡಿರಿ. ಚೆನ್ನಾಗಿ ಹೊಲಿದ ಕೌದಿ ನಮ್ಮ ಮನೆಯಲ್ಲಿ ಹದಿನೈದು ವರ್ಷ ಬಾಳಿದೆ. ಹತ್ತೇ ವರ್ಷ ಎಂದು ಹಿಡಿದರೂ ವರ್ಷಕ್ಕೆ 418 ರೂಪಾಯಿ ಚಿಲ್ಲರೆ. ಮೂರು ನಾಲ್ಕು ಚಳಿಗಾಲಕ್ಕೆ ಗಂಟುಗಂಟಾಗಿ ಉದುರುವ ರಗ್ಗಿಗೆ ಹೋಲಿಸಿದರೆ ಇದು ತುಟ್ಟಿಯಲ್ಲ. ಪಿಂಚಣಿ ಪಡೆಯುವ ನಮ್ಮಂಥವರು, ಪಗಾರದಾರರು, ವ್ಯಾಪಾರಸ್ಥರು ಪೂರ್ತಿ ಕೂಲಿ ಕೊಟ್ಟೇ ಕೌದಿ ಹೊಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ಕೊಡಲೊಲ್ಲದವರು ನಮ್ಮ ಸಂಸ್ಕೃತಿ ಹಾಳಾಯಿತೆಂದು ಮರುಗುವ ಮೊದಲು ತಮ್ಮ ಚೌಕಾಶಿಯನ್ನು ನೆನೆಯಲಿ. ಕಲೆಯನ್ನು ಕೊಲ್ಲಲು ಬೇರೆ ಶತ್ರು ಬೇಕಿಲ್ಲ, ಕಡಿಮೆ ಕೂಲಿಯೊಂದೇ ಸಾಕು.

ಹೊರಗಿನ ಜಗತ್ತು ಈ ಹೊಲಿಗೆಯ ಬೆಲೆ ಅರಿತಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಮಹಿಳೆಯರ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯಲ್ಲಿ, ಗುಲಾಮರಾಗಿದ್ದವರ ವಂಶದ ಹೆಂಗಸರು ಹೊಲದ ಕೆಲಸದ ಹರಕು ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾಸಂಗ್ರಹಾಲಯ ಸೇರಿದವು. 2006ರಲ್ಲಿ ಆ ದೇಶದ ಅಂಚೆಚೀಟಿಗಳ ಮೇಲೂ ಬಂದವು. ಬಂಗಾಳದ ಕಾಂಥಾ, ಬಿಹಾರದ ಸುಜನಿ ಎರಡೂ ನಮ್ಮ ಕೌದಿಯ ಅಕ್ಕತಂಗಿಯರೇ; ಅವಕ್ಕೂ ಭೌಗೋಳಿಕ ಗುರುತು ದೊರೆತಿದೆ. ಇದೆಲ್ಲ ಸಂತೋಷದ ವಿಷಯವೇ. ಹೊಲಿದ ಕೈಗಳಿಗೆ ನಾಲ್ಕು ಕಾಸು ಹೆಚ್ಚು ಸಿಗುವುದಾದರೆ ಕೌದಿ ಯಾವ ಗೋಡೆ ಏರಿದರೂ ನನ್ನ ತಕರಾರಿಲ್ಲ. ಆದರೆ ಗೋಡೆಗೆ ಬೇಕಾದದ್ದು ಬಣ್ಣ ಮಾತ್ರ. ಅಲ್ಲಿ ಒಳಪದರ ಮೆತ್ತಗಿದೆಯೋ ಇಲ್ಲವೋ, ಹೊಲಿಗೆ ಹತ್ತು ವರ್ಷ ತಾಳುವುದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಮಲಗುವವರಿದ್ದರೆ ಮಾತ್ರ ಹೊಲಿಗೆ ಗಟ್ಟಿಯಾಗಿ ಉಳಿಯುತ್ತದೆ. ಬಳಸುವ ಮನೆಗಳು ಸಾವಿರವಿದ್ದಾಗ ಹೊಲಿಯುವವಳಿಗೆ ವರ್ಷವಿಡೀ ಕೆಲಸ. ನೋಡುವ ಗೋಡೆಗಳು ಹತ್ತಿದ್ದರೆ ಹತ್ತು ಕೌದಿಗಳಿಗೇ ಆ ಕಸುಬು ಮುಗಿಯುತ್ತದೆ.

ಶಾಲೆಗಳ ಕುರಿತೂ ಒಂದು ಮಾತು ಹೇಳಲೇಬೇಕು. ನನ್ನ ಸೇವಾವಧಿಯಲ್ಲಿ ನಾನು ಕಂಡ ಎಷ್ಟೋ ಶಾಲೆಗಳಲ್ಲಿ ಹೊಲಿಗೆಯ ತರಗತಿ ಹೆಣ್ಣುಮಕ್ಕಳಿಗೆ, ತೋಟದ ಕೆಲಸ ಗಂಡುಮಕ್ಕಳಿಗೆ ಎಂಬ ವಿಂಗಡಣೆಯಿತ್ತು. ಸೂಜಿ ಹಿಡಿದರೆ ಗಂಡಸುತನ ಕಡಿಮೆಯಾಗುವುದೆಂಬ ಭಯ ಯಾವ ಗ್ರಂಥದಲ್ಲಿದೆಯೋ ಕಾಣೆ. ಊರಿನ ದರ್ಜಿಗಳಲ್ಲಿ ಹೆಚ್ಚಿನವರು ಗಂಡಸರೇ. ಸೂಜಿಕಾಯಕದ ರಾಮಿತಂದೆಯೂ ಗಂಡಸೇ! ಸಾಲು ಹೊಲಿಗೆ ಕಲಿಯಲು ಒಂದು ವಾರ ಸಾಕು. ಐದನೆಯ ತರಗತಿಯ ಹುಡುಗ ಹುಡುಗಿಯರು ಕೂಡಿ ಶಾಲೆಯಲ್ಲಿ ಒಂದು ಸಣ್ಣ ಕೌದಿ ಹೊಲಿದರೆ ಅದರಲ್ಲಿ ಅಳತೆ ಇದೆ, ಭಿನ್ನರಾಶಿ ಇದೆ, ಆಕೃತಿ ಇದೆ, ತಾಳ್ಮೆ ಇದೆ. ಅದನ್ನು ಊರಿನ ಯಾವುದಾದರೂ ಬಾಣಂತಿಯ ಮನೆಗೆ ಕೊಟ್ಟರೆ ಮಗುವಿನ ಕುಂಚಿಗೆಯ ಜೊತೆ ತೊಟ್ಟಿಲಿಗೆ ಅದೂ ಒದಗುತ್ತದೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಒರಟು ಎಂದು ಹಳೆಯ ಮೆತ್ತನೆಯ ಬಟ್ಟೆಯನ್ನೇ ಹುಡುಕುತ್ತಿದ್ದ ನಮ್ಮ ಹೆಂಗಸರ ತಿಳಿವಳಿಕೆಗೆ ಯಾವ ಪುಸ್ತಕದ ಸಾಕ್ಷಿಯೂ ಬೇಕಿಲ್ಲ.

ತೀರಿಹೋದವರ ಬಟ್ಟೆಯನ್ನು ಕೌದಿಗೆ ಸೇರಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಕೆಲವು ಮನೆಗಳಲ್ಲಿ ಸೇರಿಸುವುದಿಲ್ಲ. ಕೆಲವು ಮನೆಗಳಲ್ಲಿ ಅದಕ್ಕೆಂದೇ ಸೀರೆಯನ್ನು ತೆಗೆದಿಡುತ್ತಾರೆ. ಇದು ಆಯಾ ಮನೆಯ ಮನಸ್ಸಿಗೆ ಬಿಟ್ಟದ್ದು. ನಮ್ಮ ಮನೆಯ ಕೌದಿಯಲ್ಲಿ ನನ್ನ ತಾಯಿಯ ಇಳಕಲ್ಲ ಸೀರೆಯ ಅಂಚೊಂದು ಇದೆ. ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ ಹುಟ್ಟಿದ ನನ್ನ ಮೊಮ್ಮಗಳು ಆ ಅಂಚನ್ನು ಬೆರಳಲ್ಲಿ ಹಿಡಿದೇ ನಿದ್ದೆ ಹೋಗುತ್ತಾಳೆ. ಅವಳಿಗೆ ಅದು ಯಾರದೆಂದು ತಿಳಿಯದು. ತಿಳಿಯುವ ವಯಸ್ಸಾದಾಗ ಹೇಳುತ್ತೇವೆ.

ಓದುಗ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಬರುವ ದಸರೆಗೆ ಮೊದಲು ಅಟ್ಟದ ಗಂಟನ್ನು ಕೆಳಗಿಳಿಸಿರಿ. ನಾಲ್ಕು ದಿನ ಒಳ್ಳೆಯ ಬಿಸಿಲಿಗೆ ಹಾಕಿರಿ. ಹರಿದಲ್ಲಿ ತೇಪೆ ಹಾಕಿಸಿರಿ. ಮನೆಯವರ ಹಾಸಿಗೆಗೊಂದು, ಅತಿಥಿಗಳ ಹಾಸಿಗೆಗೊಂದು ಹಾಸಿರಿ. ಯಾರಾದರೂ ಕೇಳಿದರೆ ಹೊಲಿದವರು ಯಾರೆಂದು ಹೆಸರು ಹಿಡಿದು ಹೇಳಿರಿ. ಓಣಿಯಲ್ಲಿ ಕೌದಿ ಹೊಲಿಯುವವರ ಕೂಗು ಕೇಳಿಸಿದರೆ ಬಾಗಿಲು ತೆರೆಯಿರಿ. ಮೊದಲು ಕುಡಿಯಲು ನೀರು ಕೊಡಿರಿ, ಬಳಿಕ ದಿನಕ್ಕೆ ಎಷ್ಟು ಕೂಲಿಯೆಂದು ಅವರನ್ನೇ ಕೇಳಿರಿ. ಅವರು ಹೇಳಿದ ಮೊತ್ತ ಕಡಿಮೆಯೆನಿಸಿದರೆ ಒಂದಿಷ್ಟು ಹೆಚ್ಚಿಸಿ ಕೊಡಿರಿ.